ಈ ಸಸಿಯ ಬೀಜ ಎಲ್ಲಿಯದು?

ಜೂನ್ ಮೊದಲ ವಾರ. ಮಳೆ ಹಿಡಿಯುವ ಹೊತ್ತಿಗೆ ಶಿರಸಿ, ಸಿದ್ದಾಪುರ ಕಡೆಯ ಯಾವುದಾದರೂ ಸಣ್ಣ ನರ್ಸರಿಗೆ ಹೋಗಿ ನೋಡಿ. ಅಡಿಕೆ, ಕಾಳುಮೆಣಸಿನ ಕೊಟ್ಟೆಗಳ ಪಕ್ಕದಲ್ಲೇ ಈಗ ಕಾಡುಗಿಡಗಳೂ ಸಾಲಾಗಿ ನಿಂತಿರುತ್ತವೆ. ಉಪ್ಪಾಗೆ, ಮುರುಗಲು, ರಾಂಪತ್ರೆ, ಸೀತೆಯ ಅಶೋಕ. ಕೊಳ್ಳಲು ಬಂದವರು ಬೆಲೆ ಕೇಳುತ್ತಾರೆ, ಫಲ ಬರಲು ಎಷ್ಟು ವರ್ಷ ಎಂದು ಕೇಳುತ್ತಾರೆ. ಬೀಜ ಎಲ್ಲಿಂದ ತಂದಿರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕೇಳಬೇಕಾದ ಪ್ರಶ್ನೆ ಅದೇ. ಕಾಡುಗಿಡ ಬೆಳೆಸಿದ ಮಾತ್ರಕ್ಕೆ ಕಾಡಿಗೆ ಉಪಕಾರವಾಗುತ್ತದೆಂದು ಹೇಳುವಂತಿಲ್ಲ. ಸಾವಿರ ಸಸಿ ಮಾಡಲು ಒಂದು ಮರದ ಬುಡವನ್ನೆಲ್ಲ ಗುಡಿಸಿ ತಂದರೆ ಅದು ಬೇಲಿಯೇ ಎದ್ದು ಹೊಲ ಮೇಯ್ದ ಕತೆ.

ರಾಂಪತ್ರೆಯನ್ನೇ ತೆಗೆದುಕೊಳ್ಳಿ. ಬಲಿತ ಕಾಯಿ ತಾನಾಗಿ ಬಿರಿಯುತ್ತದೆ. ಒಳಗಿನ ಬೀಜಕ್ಕೆ ಕೆಂಪು ಪತ್ರೆಯ ಹೊದಿಕೆ. ಆ ಬಣ್ಣಕ್ಕೆ ಮಂಗಟ್ಟೆ ಹಕ್ಕಿ ಬರುತ್ತದೆ. ಬೀಜವನ್ನು ಇಡಿಯಾಗಿ ನುಂಗಿ, ಪತ್ರೆಯನ್ನು ಜೀರ್ಣಿಸಿಕೊಂಡು, ಬೀಜವನ್ನು ದೂರದಲ್ಲೆಲ್ಲೋ ಉಗುಳುತ್ತದೆ. ಹಕ್ಕಿಗೆ ಊಟ, ಮರಕ್ಕೆ ಸಂತಾನ. ಇದೇ ಪತ್ರೆಗೆ ಪೇಟೆಯಲ್ಲೂ ಬೆಲೆಯಿದೆ. ಕಾಯಿ ಬಿರಿಯುವ ತನಕ ಕಾದವನಿಗೆ ಏನೂ ಸಿಗದು ಎಂಬ ಭಯದಿಂದ ಎಳೆಗಾಯಿಯನ್ನೇ ಕೊಯ್ಯುವುದುಂಟು, ಕೊಂಬೆಯನ್ನೇ ಕಡಿಯುವುದುಂಟು. ಸಣ್ಣಗಾಗುವ ಗುಳಿಗೆಗೆಂದು 1990ರ ದಶಕದಲ್ಲಿ ಉಪ್ಪಾಗೆ ಸಿಪ್ಪೆಗೆ ಹೊರದೇಶದಲ್ಲಿ ಗಿರಾಕಿ ಹೆಚ್ಚಿದಾಗ ಆ ಮರಕ್ಕೂ ಇದೇ ಗತಿ ಬಂದಿತ್ತು. ಹೀಗೆ ಹಕ್ಕಿಯೂ ವ್ಯಾಪಾರಿಯೂ ಕಾದಿರುವ ಮರದ ಕೆಳಗೆ ನರ್ಸರಿಯವನು ಮೂರನೆಯವನಾಗಿ ಚೀಲ ಹಿಡಿದು ನಿಲ್ಲುತ್ತಾನೆ. ಅವನು ಎಷ್ಟು ತೆಗೆಯಬೇಕು?

ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದ ಬೀಜ ಭಂಡಾರ ಇದಕ್ಕೊಂದು ಲೆಕ್ಕ ಇಟ್ಟುಕೊಂಡಿದೆ. ಆ ದಿನ ಬಲಿತು ಸಿಗುವ ಬೀಜದಲ್ಲಿ ಐದರಲ್ಲಿ ಒಂದು ಪಾಲು, ಅದಕ್ಕಿಂತ ಹೆಚ್ಚಿಲ್ಲ. ಉಳಿದ ನಾಲ್ಕು ಪಾಲು ಹಕ್ಕಿಗೆ, ಅಳಿಲಿಗೆ, ನೆಲಕ್ಕೆ. ನೆನಪಿಡಲು ಸುಲಭವಾದ ಈ ಲೆಕ್ಕ ಮಲೆನಾಡಿಗೂ ಹೊಂದುತ್ತದೆ. ಆದರೆ ಬೆರಳೆಣಿಕೆಯಷ್ಟೇ ಉಳಿದಿರುವ ಮರಕ್ಕೆ ಐದನೇ ಪಾಲೂ ಹೆಚ್ಚೇ.

ಇಂಥ ಮರವೊಂದು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿದೆ. ಅಲ್ಲಿನ ರಾಂಪತ್ರೆ ಜಡ್ಡಿಯಲ್ಲಿ, ಅಂದರೆ ವರ್ಷವಿಡೀ ನೀರು ಜಿನುಗುವ ಜೌಗಿನಲ್ಲಿ, ಗೇರಿನ ಕುಟುಂಬಕ್ಕೆ ಸೇರಿದ ಈ ಮರಕ್ಕೆ ವಿಜ್ಞಾನದ ಹೆಸರು ಸಿಕ್ಕಿದ್ದು 2000ದಲ್ಲಿ: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಆಗ ಲೆಕ್ಕಕ್ಕೆ ಸಿಕ್ಕ ಬೆಳೆದ ಮರಗಳು ನೂರರೊಳಗೇ. ಅದರಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜ ಕೊಡುವುದು ಹೆಣ್ಣು ಮಾತ್ರ. ಶಿರಸಿಯ ಅರಣ್ಯ ಕಾಲೇಜಿನವರು ಇದರ ಸಸಿ ಬೆಳೆಸಿ ಮತ್ತೆ ಜಡ್ಡಿಗೇ ನೆಟ್ಟಿದ್ದಾರೆ. ಅಲ್ಲಿಯ ಬೀಜ ಅಲ್ಲಿಗೇ ಮರಳಿತು. ಅಂಥ ಮರದ ಬೀಜವನ್ನು ಅಂಗಡಿಗೆ ತರುವ ಯೋಚನೆಯನ್ನೇ ನರ್ಸರಿಯವನು ಬಿಡುವುದು ಲೇಸು.

ಇನ್ನೊಂದು ಸಂಗತಿ ಇದೆ. ಭತ್ತ, ರಾಗಿಯ ಬೀಜವನ್ನು ಒಣಗಿಸಿ ಮುಂದಿನ ವರ್ಷಕ್ಕೆ ಇಡಬಹುದು. ರಾಂಪತ್ರೆ, ಸಾಲುಧೂಪದಂಥ ಮಳೆಕಾಡಿನ ಮರಗಳ ಬೀಜ ಒಣಗಿದರೆ ಸತ್ತಂತೆಯೇ. ಹಸಿಯಿರುವಾಗಲೇ ಮಣ್ಣಿಗೆ ಸೇರಬೇಕು. ಇರಲಿ ಎಂದು ಹೆಚ್ಚು ತಂದಿಟ್ಟ ಬೀಜ ಹಕ್ಕಿಗೂ ಇಲ್ಲ, ಕಾಡಿಗೂ ಇಲ್ಲ, ನರ್ಸರಿಗೂ ಇಲ್ಲ. ಮೊದಲು ಕೊಟ್ಟೆಗೆ ಮಣ್ಣು ತುಂಬಿ, ಆಮೇಲೆ ಎಣಿಸಿ ಬೀಜ ತರುವುದು ಸರಿಯಾದ ಕ್ರಮ.

ತರುವಾಗಲೂ ಒಂದೇ ಮರಕ್ಕೆ ಕೈ ಹಾಕಬಾರದು. ರಸ್ತೆ ಪಕ್ಕದಲ್ಲಿ ಕೈಗೆಟುಕುವ ಮರವೊಂದರಿಂದಲೇ ಸಾವಿರ ಸಸಿ ಮಾಡಿದರೆ ಎಲ್ಲವೂ ಒಂದೇ ತಾಯಿಯ ಮಕ್ಕಳು. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರಬಹುದು. ಹತ್ತಾರು ಮರಗಳಿಂದ ಒಂದೊಂದು ಹಿಡಿ ತಂದು ಬೆರೆಸಿದರೆ ಯಾವ ಮರಕ್ಕೂ ಭಾರವಿಲ್ಲ, ತೋಪಿಗೂ ಕಸುವು. ಇನ್ನು ಬೀಜದ ತಾಪತ್ರಯವೇ ಬೇಡವೆಂದು ಮಳೆಗಾಲದಲ್ಲಿ ಕಾಡಿನ ಎಳೆ ಸಸಿಗಳನ್ನೇ ಕಿತ್ತು ಕೊಟ್ಟೆಗೆ ತುಂಬುವವರೂ ಇದ್ದಾರೆ. ಅದು ಕಾಡು ಆಗಲೇ ಗೆದ್ದುಕೊಂಡದ್ದನ್ನು ಕಸಿದುಕೊಂಡಂತೆ.

ಕಾನೂನೂ ಇದೆ. ಮೀಸಲು ಅರಣ್ಯದಿಂದ ಬೀಜ ತರಲು ಇಲಾಖೆಯ ಅನುಮತಿ ಬೇಕು. ಅಭಯಾರಣ್ಯದೊಳಗೆ ನಿಯಮ ಇನ್ನೂ ಬಿಗಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯ್ತಿ ಮಟ್ಟದಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ದೇವರಕಾಡಾದರೆ ಊರವರನ್ನು ಕೇಳದೆ ಒಳಗೆ ಹೋಗುವುದು ಮರ್ಯಾದೆಯಲ್ಲ.

ಇಷ್ಟೆಲ್ಲ ಕಟ್ಟುಪಾಡಿನಲ್ಲಿ ಸಣ್ಣ ನರ್ಸರಿ ಬದುಕುವುದು ಹೇಗೆ? ದಾರಿ ಇದೆ, ಅದೂ ಮನೆಯ ಹಿತ್ತಲಲ್ಲೇ. ಬೇಸಿಗೆಯಲ್ಲಿ ಮನೆಮನೆಯಲ್ಲಿ ಮುರುಗಲು ಹಣ್ಣೊಡೆದು ಪಾನಕಕ್ಕೆ ಸಿಪ್ಪೆ ತೆಗೆಯುತ್ತಾರೆ. ಬೀಜ ಎಷ್ಟೋ ಕಡೆ ಗೊಬ್ಬರಗುಂಡಿಗೆ ಹೋಗುತ್ತದೆ. ಅದನ್ನು ಕೇಳಿ ತಂದರೆ ಕಾಡಿನ ಒಂದು ಎಲೆಯೂ ಅಲುಗುವುದಿಲ್ಲ. ತೋಟದಂಚಿನಲ್ಲಿ ಇರುವ ಮರಗಳಿಗೆ ಒಡೆಯರ ಒಪ್ಪಿಗೆ ಸಿಕ್ಕರೆ ಸಾಕು. ಪ್ರತಿ ವರ್ಷದ ಸಸಿಗಳಲ್ಲಿ ನಾಲ್ಕನ್ನು ಸ್ವಂತ ಜಾಗದಲ್ಲೇ ನೆಟ್ಟರೆ ಮುಂದೊಂದು ದಿನ ಅವೇ ಬೀಜದ ಮರಗಳಾಗುತ್ತವೆ.

ಜೊತೆಗೆ ಎರಡು ರೂಲು ಹಾಕಿದ ಒಂದು ನೋಟ್‌ಬುಕ್ಕು ಸಾಕು. ಯಾವ ಊರು, ಎಷ್ಟು ಮರ, ಯಾವ ತಾರೀಕು. ಕೊಳ್ಳಲು ಬಂದವರು ಬೆಲೆ ಕೇಳುವ ಮೊದಲು ಆ ಪುಸ್ತಕ ಕೇಳಿದರೆ ನರ್ಸರಿಯವನು ಬೇಸರಪಡಬೇಕಾಗಿಲ್ಲ. ತೋರಿಸಲು ಅವನ ಬಳಿ ಏನಾದರೂ ಇರಬೇಕು, ಅಷ್ಟೆ.