ಪೇಪರ್ ಎಣಿಸ್ಬೇಡಿ, ಓದಿ ನೋಡಿ

1/5
ಬಿಕಾಂ ಓದೋಳಿಗೆ ಡಾಕ್ಟರ್‌ಗಳ ವಿಷಯ ಯಾಕೆ ಅಂತೀರಾ? ಇದು ಲೆಕ್ಕದ ವಿಷಯ ಕಣ್ರೋ, ಅದಕ್ಕೇ.

ನಮ್ಮ ದೊಡ್ಡಪ್ಪನ ಮಗಳು ಎಂಬಿಬಿಎಸ್ ಕೊನೇ ವರ್ಷ. ಅಮೆರಿಕದಲ್ಲಿ ನ್ಯೂರೋಸರ್ಜರಿ ರೆಸಿಡೆನ್ಸಿ ಮಾಡೋ ಕನಸು. ಹೋದ ತಿಂಗಳು ಅಕ್ಕನಿಗೆ ಒಂದು ಮೆಸೇಜ್ ಬಂತು: ‘ದುಡ್ಡು ಕೊಟ್ರೆ ರೀಸರ್ಚ್ ಪೇಪರ್‌ನಲ್ಲಿ ನಿಮ್ಮ ಹೆಸರು ಸೇರಿಸ್ತೀವಿ.’ ಡಿಲೀಟ್ ಮಾಡಿದ್ಲು. ಆದ್ರೆ ರಾತ್ರಿಯೆಲ್ಲ ನಿದ್ದೆ ಇಲ್ಲ. “ಬೇರೆಯವ್ರು ಹೂಂ ಅಂದಿದ್ರೆ?”

2/5
ಅಲ್ಲಿ ಸ್ಟೆಪ್ 1 ಅಂತ ಪರೀಕ್ಷೆ ಇದೆ. 2022ರ ಜನವರಿಯಿಂದ ಅದಕ್ಕೆ ಅಂಕ ಇಲ್ಲ, ಬರೀ ಪಾಸ್ ಅಥವಾ ಫೇಲ್. ಜರಡಿ ಹಿಡಿಯೋಕೆ ಒಂದು ನಂಬರ್ ಕಮ್ಮಿ ಆಯ್ತು. ಮೊದಲೇ ಏರ್ತಿದ್ದ ಪೇಪರ್ ಲೆಕ್ಕಕ್ಕೆ ಇನ್ನೂ ಬೆಲೆ ಬಂತು. ಅದೇ ವರ್ಷ ನ್ಯೂರೋಸರ್ಜರಿ ಸೀಟು ಸಿಕ್ಕ ಅಮೆರಿಕದ ಎಂಡಿ ವಿದ್ಯಾರ್ಥಿಗಳು ತೋರಿಸಿದ ಪೇಪರ್, ಪೋಸ್ಟರ್, ಭಾಷಣಗಳ ಸರಾಸರಿ 25ಕ್ಕೂ ಜಾಸ್ತಿ!

3/5
ಪರೀಕ್ಷೆ, ವಾರ್ಡ್ ಎಲ್ಲದರ ನಡುವೆ 25? ಹೇಗೆ ಅಂದ್ರೆ, ಒಂದೇ ಕೆಲಸವನ್ನ ಸಾರಾಂಶ ಅಂತ ಒಮ್ಮೆ, ಪೋಸ್ಟರ್ ಅಂತ ಒಮ್ಮೆ, ಪೇಪರ್ ಅಂತ ಇನ್ನೊಮ್ಮೆ ಎಣಿಸಬಹುದು. ನಮ್ಮ ಅಕೌಂಟ್ಸ್ ಪುಸ್ತಕದಲ್ಲಿ ಇದಕ್ಕೆ ವಿಂಡೋ ಡ್ರೆಸ್ಸಿಂಗ್ ಅಂತಾರೆ. ಅಂಗಡಿ ಮುಂದೆ ಝಗಮಗ, ಗೋದಾಮು ಖಾಲಿ.

4/5
‘ಅಂಕ ಇಲ್ಲದ ಮೇಲೆ ಶ್ರದ್ಧೆ ಅಳೆಯೋದು ಹೇಗೆ?’ ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ರೀಸರ್ಚ್ ಬೇಡ ಅಂತ ನಾನೂ ಹೇಳ್ತಿಲ್ಲ. ಪುರಾವೆ ಓದೋಕೆ ಬರದ ಡಾಕ್ಟರ್ ಯಾರಿಗೆ ಬೇಕು? ಆದ್ರೆ ಎಣಿಕೆ ಅಳೆಯೋದು ಶ್ರದ್ಧೆನಲ್ಲ, ಜೇಬನ್ನ. ರೀಸರ್ಚ್‌ಗೇ ಅಂತ ಒಂದು ವರ್ಷ ಸಂಬಳ ಇಲ್ಲದೆ ಕೂರೋಕೆ ಯಾರ ಮನೇಲಿ ಆಗುತ್ತೆ? ದೊಡ್ಡ ಲ್ಯಾಬ್ ಇರೋ ಕಾಲೇಜು ಎಷ್ಟು ಜನಕ್ಕೆ ಸಿಗುತ್ತೆ?

ನಮ್ಮಲ್ಲಿ ಉಲ್ಟಾ. ನೀಟ್ ಪಿಜಿ ರ‍್ಯಾಂಕ್ ಒಂದೇ, ರೀಸರ್ಚ್‌ಗೆ ಸೊನ್ನೆ. ಅದೂ ಸರಿಯಲ್ಲ. ಮೂರೇ ಮೂರು ಕೆಲಸ ತೋರಿಸೋಕೆ ಬಿಡಿ. ಎದುರಿಗೆ ಕೂರಿಸಿ ಕೇಳಿ: ಈ ಪ್ರಶ್ನೆ ಯಾಕೆ ಹಿಡಿದೆ? ಎಲ್ಲಿ ತಪ್ಪಿದೆ? ಹೆಸರು ಕೊಂಡವರು ಅಲ್ಲೇ ತಡವರಿಸ್ತಾರೆ.

5/5
ನಗಬೇಡಿ, ನಾವೇನು ಸಾಚಾನಾ? ಹೋಗದೇ ಇರೋ ಇಂಟರ್ನ್‌ಶಿಪ್, ನೋಡದೇ ಮುಗಿಸಿದ ಕೋರ್ಸ್, ಎಲ್ಲಕ್ಕೂ ಸರ್ಟಿಫಿಕೇಟ್ ಇದೆ. ವ್ಯತ್ಯಾಸ ಇಷ್ಟೇ: ನಮ್ಮ ಸುಳ್ಳು ಲೆಡ್ಜರ್‌ನಲ್ಲಿ ಸಿಕ್ಕಿಬೀಳುತ್ತೆ. ಡಾಕ್ಟರ್ ಸುಳ್ಳಿನ ಬಿಲ್ಲು ಕಟ್ಟೋದು ರೋಗಿ.

ಅಕ್ಕ ಈಗ ಒಂದೇ ಪೇಪರ್ ಬರೀತಿದ್ದಾಳೆ. ತನ್ನದೇ. ನಿಮ್ಮ ರೆಸ್ಯೂಮೆಯಲ್ಲಿ ನಿಜವಾಗ್ಲೂ ನಿಮ್ಮದು ಅನ್ನೋ ಸಾಲು ಎಷ್ಟಿವೆ? ಕಮೆಂಟ್‌ನಲ್ಲಿ ಹೇಳಿ. ಸುಳ್ಳು ಹೇಳಂಗಿಲ್ಲ 🙂