ಮುಂಬೈಗೆ ಹೊರಟ ನಮ್ಮ ಗೆಳೆಯರಿಗೆ

ಹೋಟಗಿಯಿಂದ ಸೊಲ್ಲಾಪುರಕ್ಕೆ ಬಂದು ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಿಗ್ಗೆ ಮುಂಬೈ. ಮನ್ಯಾಗ ಹೇಳಲಾಗದ ಪ್ರೀತಿ ಇಟ್ಕೊಂಡು ಆ ರೈಲು ಹತ್ತೋ ಗೇ, ಲೆಸ್ಬಿಯನ್, ಟ್ರಾನ್ಸ್ ಗೆಳೆಯರು ನಮ್ಮೂರಾಗೂ ಅದಾರ. ಇದನ್ನೆಲ್ಲ ಬರೀಬೇಕಾ ಅಂತೀರೇನು? ನಾಚಿ ಸುಮ್ಮನಿರೋರನ್ನೇ ಸುಲಿಯೋರು ಹುಡುಕೋದು, ಅದಕ್ಕ.

2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಯಸ್ಕರಿಬ್ಬರ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ. 377 ಅಂತ ಹೆದರಿಸಿ ರೊಕ್ಕ ಕೇಳಿದ್ರೆ ಕೊಡಬ್ಯಾಡ್ರಿ. ಹಂಗ ಕೇಳೋದೇ ಅಪರಾಧ. ಆ್ಯಪ್‌ನಾಗ ಸಿಕ್ಕವರ ರೂಮಿಗೆ ನೇರ ಹೋಗಬ್ಯಾಡ್ರಿ. ಮೊದಲು ಮರೀನ್ ಡ್ರೈವ್‌ನಂಥ ಜನ ಇರೋ ಜಾಗದಾಗ ಭೇಟಿಯಾಗ್ರಿ. ಎಲ್ಲಿದ್ದೀರಿ ಅಂತ ಒಬ್ಬ ಗೆಳೆಯನಿಗಾದ್ರೂ ಗೊತ್ತಿರಲಿ. ಲಾಡ್ಜ್‌ಗೆ ಇಬ್ಬರದೂ ಗುರುತಿನ ಚೀಟಿ ಬೇಕು. ತೊಂದರೆಯಾದ್ರೆ ಸಾಂತಾಕ್ರೂಜ್‌ನಾಗ ಹಮ್‌ಸಫರ್ ಟ್ರಸ್ಟ್ ಅದ, 1994ರಿಂದ ಇದೇ ಕೆಲಸ ಮಾಡ್ಕೋತ ಬಂದಾರ.