ಮನೆಯೊಂದು, ವಿನೋದ ಐದು

ಯಂತ್ರವೇ ದೋಷಿಯೆಂದು ನಾನು ಹೇಳೆನು. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ ಬಾನುಲಿಯೂ ಯಂತ್ರವೇ ತಾನೆ? ಆದರೆ ನನ್ನ ಬಾಲ್ಯದಲ್ಲಿ ಬಾನುಲಿಯು ನುಡಿದರೆ ಮನೆಯವರೆಲ್ಲರೂ ಕೂಡಿ ಕೇಳುತ್ತಿದ್ದರು. ಹಾಡು ಹಿಡಿಸದವನು ಗೊಣಗಿದರೂ ಎಲ್ಲರ ನಡುವೆ ಕುಳಿತೇ ಗೊಣಗುತ್ತಿದ್ದನು. ಈಗಲಾದರೋ ನಮ್ಮ ಮನೆಯ ಐವರಿಗೆ ಐದು ಮೊಬೈಲುಗಳು, ಕಿವಿಕಿವಿಗೂ ಬಿರಡೆ. ಮೊನ್ನೆ ಸಂಜೆ ಮೊಮ್ಮಗಳು ತನ್ನಷ್ಟಕ್ಕೆ ತಾನೇ ನಕ್ಕಳು. ಏಕಮ್ಮಾ ಎಂದೆನು, ಅವಳಿಗೆ ಕೇಳಿಸಲೇ ಇಲ್ಲ. ನಾಳೆ ಅವಳು ಅತ್ತರೆ ನಮಗೆ ಕೇಳಿಸೀತೆ? “ನಿಮ್ಮ ಕೈಯಲ್ಲಿಯೂ ಒಂದಿದೆಯಲ್ಲ” ಎನ್ನುವಿರಾ? ಇದೆ, ತಪ್ಪಿನಲ್ಲಿ ನಾನೂ ಪಾಲುಗಾರನೆ. ಕೂಡಿ ನಕ್ಕ ನಗೆಯೇ ಮನಸ್ಸಿಗೆ ಔಷಧ. ಆದುದರಿಂದ ವಾಚಕ ಮಹಾಶಯರೆ, ರಾತ್ರಿಯೂಟದ ಬಳಿಕ ನಾಲ್ಕನ್ನು ಆರಿಸಿರಿ; ಉಳಿದುದೊಂದನ್ನು ಎಲ್ಲರೂ ಕೂಡಿ ಕೇಳಿರಿ.